ಹಸು ಮಾತಾಡಿದರೆ ಊರೇ ಕೇಳುತ್ತದೆ

ಪರಿಸರದ ಪಾಠಕ್ಕೆ ಬೀದಿ ನಾಟಕ, ಹಾಡು, ಯಕ್ಷಗಾನ: ನಮ್ಮ ಸಂಘಗಳು ಮಾಡಬಹುದಾದ ಕೆಲಸ



ಪ್ಲಾಸ್ಟಿಕ್ ತಿನ್ನಬೇಡ ಎಂದು ಹಸುವಿಗೆ ಹೇಳಲು ಬರುವುದಿಲ್ಲ. ಎಸೆಯಬೇಡಿ ಎಂದು ಜನರಿಗೇ ಹೇಳಬೇಕು. ಹೇಳಿಯೂ ಆಗಿದೆ. ಡೈರಿಯ ಗೋಡೆಯ ಮೇಲೆ ಬರೆಸಿದ್ದೇವೆ, ಕರಪತ್ರ ಹಂಚಿದ್ದೇವೆ, ವಾರ್ಷಿಕ ಮಹಾಸಭೆಯಲ್ಲಿ ಭಾಷಣ ಮಾಡಿಸಿದ್ದೇವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಯಿತು. ಆದರೂ ತಿಪ್ಪೆ ಕೆದಕಿದರೆ ಗೊಬ್ಬರಕ್ಕಿಂತ ಮೊದಲು ಕವರ್ ಕೈಗೆ ಬರುತ್ತದೆ. ಮೇಯಲು ಬಿಟ್ಟ ಹಸು ಅದೇ ತಿಪ್ಪೆಗೆ ಬಾಯಿ ಹಾಕುತ್ತದೆ.

ಪ್ಲಾಸ್ಟಿಕ್ ಕೆಟ್ಟದ್ದು ಎಂದು ಗೊತ್ತಿಲ್ಲದವರು ಇಂದು ಹಳ್ಳಿಯಲ್ಲಿ ಯಾರೂ ಇಲ್ಲ. ಕೆರೆಗೆ ಕೊಳೆ ಬಿಡಬಾರದು, ಗೋಮಾಳ ಒತ್ತುವರಿ ಆಗಬಾರದು, ತರಗು ಸುಡಬಾರದು ಎಂಬುದೂ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಡೆಯುತ್ತಿಲ್ಲ ಎಂದ ಮೇಲೆ ಇನ್ನಷ್ಟು ಕರಪತ್ರ ಅಚ್ಚು ಹಾಕಿಸಿ ಪ್ರಯೋಜನವಿಲ್ಲ. ಬೇರೆ ದಾರಿ ನೋಡಬೇಕು. ಆ ದಾರಿ ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದೆ. ಅದು ಆಟ, ಹಾಡು, ಕುಣಿತ.

ಒಬ್ಬೊಬ್ಬರಿಗೆ ಗೊತ್ತಿರುವುದು, ಎಲ್ಲರಿಗೂ ಒಟ್ಟಿಗೆ ಗೊತ್ತಾಗುವುದು

ಹೈನುಗಾರಿಕೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಕರುವಿಗೆ ಜಂತುಹುಳದ ಔಷಧಿ ಕುಡಿಸುವುದು, ಖನಿಜ ಮಿಶ್ರಣ ಕೊಡುವುದು, ಕೆಚ್ಚಲು ತೊಳೆದು ಹಾಲು ಕರೆಯುವುದು, ಇವೆಲ್ಲ ಒಂದೊಂದು ಮನೆಯವರು ತಾವೇ ತೀರ್ಮಾನಿಸಬಹುದಾದವು. ಕರಪತ್ರ ಓದಿ ನಾಳೆಯಿಂದಲೇ ಶುರು ಮಾಡಬಹುದು. ಲಾಭವೂ ಅದೇ ಮನೆಗೆ ಬರುತ್ತದೆ.

ಇನ್ನೊಂದು ಬಗೆಯ ಕೆಲಸ ಊರಿನದು. ನಮ್ಮ ಮನೆಯಿಂದ ಕವರ್ ಹೊರಗೆ ಹೋಗದಂತೆ ನೋಡಿಕೊಂಡರೂ ನಮ್ಮ ಹಸು ಪಕ್ಕದ ಬೀದಿಯಲ್ಲಿ ಮೇಯುತ್ತದೆ. ನಾವು ಗೋಕಟ್ಟೆ ಚೊಕ್ಕ ಇಟ್ಟರೆ ಮೇಲಿನ ಕೇರಿಯ ಚರಂಡಿ ಬಂದು ಅದಕ್ಕೇ ಸೇರುತ್ತದೆ. ಇಂಥ ಕಡೆ ಪ್ರತಿಯೊಬ್ಬರೂ "ಮೊದಲು ಅವರು ಮಾಡಲಿ" ಎಂದು ಕಾಯುತ್ತಾರೆ. ಕಾಯುವವರು ಕೆಟ್ಟವರಲ್ಲ. ತಾನೊಬ್ಬ ಮಾಡಿದರೆ ಏನೂ ಆಗುವುದಿಲ್ಲ ಎಂಬ ಅವರ ಲೆಕ್ಕ ಸರಿಯಾಗಿಯೇ ಇದೆ.

ಕರಪತ್ರವನ್ನು ಒಬ್ಬೊಬ್ಬರೇ ಓದುತ್ತಾರೆ. ನಾಟಕವನ್ನು ಊರು ಒಟ್ಟಿಗೆ ನೋಡುತ್ತದೆ. ನಾನು ನೋಡಿದೆ ಎಂಬುದು ಪಕ್ಕದ ಮನೆಯವರಿಗೆ ಗೊತ್ತು, ಅವರು ನೋಡಿದರು ಎಂಬುದು ನನಗೆ ಗೊತ್ತು. ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ಮಾತು ತೆಗೆಯಲು ಯಾರಿಗೂ ಮುಜುಗರವಿಲ್ಲ. "ನಿನ್ನೆ ಆ ಹಸು ಹೇಳಿದ್ದು ಕೇಳಿದ್ಯಾ?" ಎಂದರೆ ಸಾಕು, ಚರ್ಚೆ ಶುರುವಾಗುತ್ತದೆ. ಒಬ್ಬೊಬ್ಬರೇ ಮಾಡಲಾಗದ್ದನ್ನು ಒಟ್ಟಾಗಿ ಮಾಡುವುದೇ ಸಹಕಾರ. ಹಾಲು ಮಾರಾಟದಲ್ಲಿ ಅದನ್ನು ಸಾಧಿಸಿ ತೋರಿಸಿದ ನಮಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಸಾಲ್ಕಣಿಯ ಕಾಡು

ಕಲೆಯ ಮೂಲಕ ಪರಿಸರದ ಮಾತು ಹೇಳಿ ಗೆದ್ದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯಲ್ಲಿ ಅಡಿಕೆ ತೋಟ, ಕೊಟ್ಟಿಗೆ, ಕಾಡು ಮೂರೂ ಒಂದಕ್ಕೊಂದು ಕೊಂಡಿ. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕು ಕೊಟ್ಟಿಗೆಯಲ್ಲಿ ದನಗಳ ಕಾಲ ಕೆಳಗೆ ಹಾಸಾಗುತ್ತದೆ. ಸಗಣಿ, ಗಂಜಲ ಬೆರೆತು ಅದೇ ತೋಟದ ಗೊಬ್ಬರ. ಕಾಡು ಹೋದರೆ ಕೊಟ್ಟಿಗೆಗೆ ಸೊಪ್ಪಿಲ್ಲ, ತೋಟಕ್ಕೆ ಗೊಬ್ಬರವಿಲ್ಲ, ಬೇಸಿಗೆಯಲ್ಲಿ ಹಳ್ಳದಲ್ಲಿ ನೀರೂ ಇಲ್ಲ. ಹೀಗಿರುವಾಗ ಸಹಜ ಕಾಡಿನ ಮರಗಳನ್ನು ಗುತ್ತಿಗೆದಾರರು ಕಡಿಯುವುದು, ಕಡಿದ ಜಾಗದಲ್ಲಿ ತೇಗದಂಥ ಒಂದೇ ಜಾತಿಯ ನೆಡುತೋಪು ಏಳುವುದು ಅಲ್ಲಿನ ರೈತರನ್ನು ಕಂಗೆಡಿಸಿತ್ತು.

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೊ ಚಳವಳಿಯ ಆರಂಭ. ಹೋರಾಟ 38 ದಿನ ನಡೆಯಿತು, ಕೊನೆಗೆ ಕಡಿತದ ಆದೇಶ ಹಿಂದೆ ಸರಿಯಿತು. ಪಾಂಡುರಂಗ ಹೆಗಡೆ ಮತ್ತು ಸಂಗಡಿಗರು ಮುಂದೆ ಈ ವಿಚಾರವನ್ನು ಮಲೆನಾಡಿನ ಒಳಹಳ್ಳಿಗಳಿಗೆ ಒಯ್ದಾಗ ಬಳಸಿದ ಸಾಧನಗಳೆಂದರೆ ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಜನಪದ ಕುಣಿತ ಮತ್ತು ಬೀದಿ ನಾಟಕ. ಚಳವಳಿಯ ಗುರಿಯನ್ನೂ ಉಳಿಸು, ಬೆಳೆಸು, ಬಳಸು ಎಂಬ ಮೂರೇ ಪದಗಳಲ್ಲಿ ಹೇಳಿದರು. ಮಕ್ಕಳೂ ಒಮ್ಮೆ ಕೇಳಿದರೆ ಮರೆಯದ ಮಾತು.

ಅಪ್ಪಿಕೊಗೆ ಸ್ಫೂರ್ತಿ ಕೊಟ್ಟದ್ದು ಉತ್ತರಾಖಂಡದ ಬೆಟ್ಟಗಳಲ್ಲಿ 1973ರಲ್ಲಿ ಶುರುವಾದ ಚಿಪ್ಕೊ. ಅಲ್ಲಿಯೂ ಸುಂದರಲಾಲ್ ಬಹುಗುಣರಂಥ ನಾಯಕರ ಜೊತೆಗೆ ಘನಶ್ಯಾಮ ಸೈಲಾನಿ ಎಂಬ ಜನಪದ ಕವಿ ಇದ್ದರು. ಭಾಷಣ ಕೇಳಲು ಬಾರದವರೂ ಅವರ ಹಾಡು ಕೇಳಲು ಬರುತ್ತಿದ್ದರು, ಹಾಡಿನ ಜೊತೆಗೆ ವಿಚಾರವೂ ಮನೆಗೆ ಹೋಗುತ್ತಿತ್ತು. ಮರ ತಬ್ಬುವುದೇ ಒಂದು ದೃಶ್ಯ. ಯಾವ ಭಾಷೆಯವರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನೆರೆಯ ಕೇರಳದ ಕಲಾಜಾಥಾ

ಘಟ್ಟದ ಆಚೆ ಕೇರಳದಲ್ಲಿ ಇದೇ ಕೆಲಸ ಇನ್ನಷ್ಟು ವ್ಯವಸ್ಥಿತವಾಗಿ ನಡೆಯಿತು. ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆಯಿತ್ತು. ಸಿಂಗಳೀಕ ವಾಸಿಸುವ ಮಳೆಕಾಡು ಮುಳುಗುವುದಿತ್ತು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಈ ಯೋಜನೆಯ ಲಾಭ ನಷ್ಟಗಳನ್ನು ಜನರ ಮುಂದಿಟ್ಟಿತು. ಸುಗತಕುಮಾರಿಯವರಂಥ ಕವಿಗಳು ಕಾಡಿನ ಪರವಾಗಿ ಬರೆದರು, ಸಭೆಗಳಲ್ಲಿ ಓದಿದರು. 1983ರಲ್ಲಿ ಯೋಜನೆ ಕೈಬಿಡಲಾಯಿತು, ಮರುವರ್ಷ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಅದೇ ವರ್ಷಗಳಲ್ಲಿ, 1980ರಲ್ಲಿ, ಪರಿಷತ್ತು ಶಾಸ್ತ್ರ ಕಲಾಜಾಥಾ ಆರಂಭಿಸಿತು. ಅಲ್ಲಿ ಶಾಸ್ತ್ರ ಎಂದರೆ ವಿಜ್ಞಾನ. ಕಾರ್ಯಕರ್ತರೇ ಹಾಡು, ಕಿರುನಾಟಕ ಕಲಿತು ಊರೂರು ತಿರುಗಿದರು. ದೊಡ್ಡ ರಂಗಮಂದಿರ ಬೇಕಿರಲಿಲ್ಲ, ಬಸ್ ನಿಲ್ದಾಣ, ಶಾಲೆಯ ಅಂಗಳ, ಸಂತೆ ಮಾಳವೇ ರಂಗವಾಯಿತು. ಈ ಮಾದರಿ ದೇಶಕ್ಕೆ ಹಿಡಿಸಿತು. 1987ರಲ್ಲಿ ಭಾರತ ಜನ ವಿಜ್ಞಾನ ಜಾಥಾ ದೇಶದ ಬೇರೆ ಬೇರೆ ದಿಕ್ಕುಗಳಿಂದ ಹೊರಟು, ವಿಷಾನಿಲ ದುರಂತ ಕಂಡಿದ್ದ ಭೋಪಾಲ್‌ನಲ್ಲಿ ಬಂದು ಸೇರಿತು. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಜಿಲ್ಲೆಗಳಲ್ಲೂ ಕಲಾಜಾಥಾ ತಂಡಗಳು ಓಡಾಡಿದ್ದನ್ನು ಹಿರಿಯ ಸದಸ್ಯರು ನೆನಪಿಸಿಕೊಂಡಾರು. ಅದಕ್ಕೂ ಮೊದಲೇ, 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿ ನಾಟಕವನ್ನು ಕನ್ನಡದ ಹಳ್ಳಿಗಳಿಗೆ ಪರಿಚಯಿಸಿತ್ತು.

ಹಾಲಿನ ದುಡ್ಡಿನಲ್ಲಿ ತಯಾರಾದ ಸಿನಿಮಾ

ಕಲೆಗೂ ಹಾಲಿನ ಸಹಕಾರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ "ಮಂಥನ್" ಚಿತ್ರವೇ ಉತ್ತರ. ಶ್ಯಾಮ್ ಬೆನಗಲ್ ನಿರ್ದೇಶಿಸಿದ ಈ ಹಿಂದಿ ಚಿತ್ರ 1976ರಲ್ಲಿ ಬಂತು. ಇದಕ್ಕೆ ಹಣ ಹಾಕಿದವರು ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು. ತಲಾ 2 ರೂಪಾಯಿ. ಹಳ್ಳಿಗೆ ಬಂದು ಸಹಕಾರ ಸಂಘ ಕಟ್ಟಲು ಹೆಣಗುವ ಪಶುವೈದ್ಯ ಡಾ. ರಾವ್ ಅವರ ಪಾತ್ರ ಮಾಡಿದವರು ನಮ್ಮ ಗಿರೀಶ್ ಕಾರ್ನಾಡ್. ಹಾಲಿನ ದಲ್ಲಾಳಿಯ ಹಿಡಿತ, ಜಾತಿ ಜಗಳ, ಹೆಂಗಸರ ಕಷ್ಟ ಯಾವುದನ್ನೂ ಆ ಚಿತ್ರ ಮುಚ್ಚಿಡಲಿಲ್ಲ.

ಹಣ ಹಾಕಿದ ರೈತರು ತಮ್ಮದೇ ಚಿತ್ರ ನೋಡಲು ಲಾರಿಗಳಲ್ಲಿ ಬಂದರು. ಮುಂದೆ ಬೇರೆ ರಾಜ್ಯಗಳಲ್ಲಿ ಸಂಘ ಕಟ್ಟಲು ಹೋದ ತಂಡಗಳು ಈ ಚಿತ್ರವನ್ನು ಹಳ್ಳಿಗಳಲ್ಲಿ ತೋರಿಸಿದವು. ಚಿತ್ರ ತೋರಿಸಿ ಹೊರಟುಬಿಡಲಿಲ್ಲ, ಹಿಂದೆಯೇ ಪಶುವೈದ್ಯರು, ತಾಂತ್ರಿಕ ಸಿಬ್ಬಂದಿ ಕೂತು ಜನರ ಪ್ರಶ್ನೆಗೆ ಉತ್ತರ ಕೊಟ್ಟರು. ದುರಸ್ತಿಗೊಂಡ ಪ್ರತಿಯನ್ನು 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಆದರೆ ನಮಗೆ ಮುಖ್ಯವಾದದ್ದು ಹಳ್ಳಿಯ ಆ ಪ್ರದರ್ಶನಗಳ ಕ್ರಮ: ಮೊದಲು ಕಥೆ, ತಕ್ಷಣ ಮಾತುಕತೆ, ಆಮೇಲೆ ಮಾಡಬೇಕಾದ ಕೆಲಸ. ನಾವು ಆಡುವ ಪರಿಸರ ನಾಟಕಕ್ಕೂ ಇದೇ ಕ್ರಮ ಹೊಂದುತ್ತದೆ.

ಹಸುವಿನ ಹೊಟ್ಟೆಯ ಕಥೆ

ಯಾವ ವಿಷಯದಿಂದ ಶುರು ಮಾಡಬೇಕು? ಓಜೋನ್ ಪದರ, ಧ್ರುವದ ಹಿಮ ದೊಡ್ಡ ವಿಷಯಗಳೇ. ಆದರೆ ನಾಟಕ ನೋಡಿದವರು ಮಾರನೆಯ ದಿನ ಕೈ ಹಾಕಬಹುದಾದ ಕೆಲಸ ಅಲ್ಲಿಲ್ಲ. ನಮ್ಮ ಊರಿನ ತಿಪ್ಪೆ, ಗೋಕಟ್ಟೆ, ಹುಲ್ಲಿನ ಬಣವೆ, ಗೋಮಾಳದಲ್ಲಿ ಇದೆ. ಎಲ್ಲಕ್ಕಿಂತ ಮೊದಲು ಕವರ್.

ಹಸು ನಮ್ಮ ಹಾಗೆ ಅಗಿದು ನುಂಗುವುದಿಲ್ಲ. ಸಿಕ್ಕಿದ್ದನ್ನು ಬೇಗ ನುಂಗಿ, ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ಅನ್ನ, ಸಾರು, ಹಣ್ಣಿನ ಸಿಪ್ಪೆ ಕಟ್ಟಿ ಎಸೆದ ಕವರನ್ನು ಗಂಟು ಬಿಚ್ಚಿ ತಿನ್ನಲು ಅದಕ್ಕೆ ಬಾರದು, ಕವರ್ ಸಮೇತ ನುಂಗುತ್ತದೆ. ಅದು ಹೋಗಿ ಬೀಳುವುದು ರೂಮೆನ್ ಎಂಬ ಮೊದಲ ದೊಡ್ಡ ಹೊಟ್ಟೆಗೆ. ಪ್ಲಾಸ್ಟಿಕ್ ಅಲ್ಲಿ ಕರಗುವುದಿಲ್ಲ. ಮುಂದಿನ ಹೊಟ್ಟೆಗೆ ಹೋಗುವ ದಾರಿ ಕಿರಿದು, ಆದ್ದರಿಂದ ಮುಂದಕ್ಕೂ ಹೋಗುವುದಿಲ್ಲ. ವರ್ಷಗಟ್ಟಲೆ ಸೇರಿ, ಹಗ್ಗ ಬಟ್ಟೆಗಳ ಜೊತೆ ಹೊಸೆದು ಗಟ್ಟಿ ಉಂಡೆಯಾಗುತ್ತದೆ. ಮೇವಿಗೆ ಜಾಗ ಕಡಿಮೆಯಾಗುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ, ಹಸು ಬಡಕಲಾಗುತ್ತದೆ. ಔಷಧಿಯಿಂದ ಅದು ಹೊರಬರುವುದಿಲ್ಲ, ಹೊಟ್ಟೆ ಕೊಯ್ದು ತೆಗೆಯಬೇಕು. ಕವರಿನ ಜೊತೆ ತಂತಿ, ಮೊಳೆ, ಸೂಜಿ ಹೋದರೆ ಅಪಾಯ ಇನ್ನೂ ಹೆಚ್ಚು. ಅವು ಎರಡನೇ ಹೊಟ್ಟೆಯಲ್ಲಿ ತಂಗುತ್ತವೆ. ಆ ಹೊಟ್ಟೆಯ ಮುಂದೆಯೇ ಹೃದಯ. ಚುಚ್ಚಿಕೊಂಡು ಹೃದಯದ ಪೊರೆ ಮುಟ್ಟಿದರೆ ಹಸು ಉಳಿಯುವುದು ಕಷ್ಟ.

ಇಷ್ಟನ್ನೂ ಭಾಷಣದಲ್ಲಿ ಹೇಳಬಹುದು. ಆಡಿ ತೋರಿಸಿದರೆ ಹೇಗಿರುತ್ತದೆ ನೋಡಿ. ಹಸುವಿನ ವೇಷದವರ ಹೊಟ್ಟೆಗೆ ಒಂದು ಗೋಣಿಚೀಲ ಕಟ್ಟಿ. ನಾಟಕದ ದಿನ ಬೆಳಿಗ್ಗೆ ತಂಡದ ಹುಡುಗರು ಅದೇ ಊರಿನ ಬೀದಿಗಳಲ್ಲಿ ಆಯ್ದು ತೊಳೆದ ಕವರುಗಳನ್ನು ಅದರಲ್ಲಿ ತುಂಬಿರಲಿ. ಆಮೇಲಿನ ದೃಶ್ಯ ಹೀಗಿರಬಹುದು:

(ತಮಟೆ ನಿಲ್ಲುತ್ತದೆ. ಗೌರಿ ಎಂಬ ಹಸು ಮಲಗಿದೆ. ರಂಗಮ್ಮ ಹಸಿಹುಲ್ಲು ಹಿಡಿದು ನಿಂತಿದ್ದಾಳೆ.)

ರಂಗಮ್ಮ: ಏಳವ್ವಾ ಗೌರಿ, ಒಂದು ಹಿಡಿ ತಿನ್ನು. ಎರಡು ದಿನ ಆಯ್ತು, ಬೂಸಾನೂ ಮುಟ್ಟಿಲ್ಲ ನೀನು.

ಗೌರಿ: ಎಲ್ಲಿಗೆ ಹಾಕ್ಲಿ ಅವ್ವಾ? ಒಳಗೆ ಜಾಗ ಇಲ್ಲ.

ರಂಗಮ್ಮ: ಜಾಗ ಇಲ್ವಾ! ಎಂಟು ಲೀಟರ್ ಕೊಡ್ತಿದ್ದೋಳು ಮೂರಕ್ಕಿಳಿದಿದ್ದೀಯ. ಹೊಟ್ಟೆ ನೋಡಿದ್ರೆ ತಮಟೆ ಥರ ಉಬ್ಬಿದೆ. ಏನಿಟ್ಕೊಂಡಿದ್ದೀಯೇ ಒಳಗೆ?

ಗೌರಿ: ನೀವೆಲ್ಲ ಕೊಟ್ಟಿದ್ದನ್ನೇ. (ಚೀಲದಿಂದ ಒಂದೊಂದೇ ಎಳೆಯುತ್ತಾ) ಇದು ಯುಗಾದೀಲಿ ಹೋಳಿಗೆ ಕಟ್ಟಿದ್ದು. ಇದು ಜಾತ್ರೇಲಿ ಪುರಿ ತಂದಿದ್ದು. ಇದು ಹೋಟೆಲಿನ ಸಾಂಬಾರ್ ಕವರ್ರು, ಗಂಟು ಇನ್ನೂ ಬಿಚ್ಚಿಲ್ಲ. ಇದು... ಅವ್ವಾ, ಇದು ನಂದೇ ಹಾಲಿನ ಪ್ಯಾಕೆಟ್ಟು!

ರಂಗಮ್ಮ: ಅಯ್ಯೋ, ಅದನ್ನ ನಾನೇ ಎಸೆದಿದ್ದು ಕಣವ್ವ.

ಗೌರಿ: ನೀನೊಬ್ಬಳೇ ಅಲ್ಲ ಬಿಡವ್ವ. (ಜನರ ಮಧ್ಯೆ ನಡೆದು, ಒಂದು ಕವರ್ ಎತ್ತಿ ಹಿಡಿದು) ಇದು ಯಾರ್ದು? ನಾಚ್ಕೋಬೇಡಿ, ನಾನು ಹಾಯೋದಿಲ್ಲ.

ಇಲ್ಲಿ ಜನ ನಗುತ್ತಾರೆ. ನಕ್ಕವರೇ ತಮ್ಮ ಅಂಗಡಿಯ, ತಮ್ಮ ಮನೆಯ ಕವರ್ ಅಲ್ಲಿರುವುದನ್ನು ಗುರುತು ಹಿಡಿಯುತ್ತಾರೆ. ಹಾಲಿನ ಪ್ಯಾಕೆಟ್ಟನ್ನು ನಾಟಕದಿಂದ ಬಿಡಬಾರದು. ನಾವು ಮಾರುವ ಹಾಲೂ ಪ್ಲಾಸ್ಟಿಕ್ಕಿನಲ್ಲೇ ಹೋಗುತ್ತದೆ ಎಂಬ ಮಾತು ಸಭೆಯಿಂದ ಬಂದೇ ಬರುತ್ತದೆ. ಅದನ್ನು ನಾವೇ ಮೊದಲು ಹೇಳಿದರೆ ಉಳಿದ ಮಾತಿಗೂ ಬೆಲೆ ಬರುತ್ತದೆ. ಪ್ಯಾಕೆಟ್ಟಿನ ಮೂಲೆ ಪೂರ್ತಿ ಕತ್ತರಿಸಿ ಚೂರು ಎಸೆಯದೆ, ತೊಳೆದು ಒಣಗಿಸಿ, ಗುಜರಿಗೆ ಕೊಡುವ ರೂಢಿಯನ್ನು ಅದೇ ದೃಶ್ಯದಲ್ಲಿ ತೋರಿಸಬಹುದು.

ಜಟಾಯು ಎಲ್ಲಿ ಹೋದ?

ಇನ್ನೊಂದು ಕಥೆ ನಮ್ಮ ದನಗಳಿಗೇ ಸಂಬಂಧಿಸಿದ್ದು, ಆದರೆ ಹೆಚ್ಚಿನವರಿಗೆ ಪೂರ್ತಿ ತಿಳಿಯದ್ದು. ಊರ ಹೊರಗೆ ಸತ್ತ ದನ ಹಾಕಿದರೆ ಹಿಂದೆ ರಣಹದ್ದುಗಳು ಗುಂಪಾಗಿ ಇಳಿದು ಸ್ವಲ್ಪ ಹೊತ್ತಿನಲ್ಲೇ ಮೂಳೆ ಮಾತ್ರ ಉಳಿಸುತ್ತಿದ್ದವು. 1990ರ ದಶಕದಿಂದ ಅವು ಕಾಣೆಯಾಗತೊಡಗಿದವು. ಕಾರಣ ಪತ್ತೆಯಾದದ್ದು 2004ರಲ್ಲಿ. ದನಗಳ ನೋವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. ಆ ಔಷಧಿ ಪಡೆದ ದನ ಸತ್ತು, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತಿತ್ತು. ಬಿಳಿಬೆನ್ನಿನ ರಣಹದ್ದಿನಂಥ ಜಾತಿ ಭಾರತದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಶವಾಯಿತು. ಹದ್ದು ಹೋದ ಮೇಲೆ ಹೆಣ ಕೊಳೆಯುವುದು, ಬೀದಿ ನಾಯಿಗಳು ಸೇರುವುದು ಹೆಚ್ಚಿತು.

ದನಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಔಷಧಿಗಳಿಗೂ ಪಶುಬಳಕೆಯಲ್ಲಿ ನಿಷೇಧ ಬಂತು. ಮೆಲಾಕ್ಸಿಕ್ಯಾಮ್ ಹದ್ದುಗಳಿಗೆ ಸುರಕ್ಷಿತವಾದ ಬದಲಿ ಔಷಧಿ. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ರೈತರು ಮಾಡಬೇಕಾದ್ದು ಸರಳ: ಮನುಷ್ಯರ ನೋವಿನ ಚುಚ್ಚುಮದ್ದನ್ನು ಮೆಡಿಕಲ್ ಸ್ಟೋರಿನಿಂದ ತಂದು ದನಕ್ಕೆ ಕೊಡಿಸಬಾರದು, ಪಶುವೈದ್ಯರನ್ನೇ ಕೇಳಬೇಕು.

ಇದನ್ನು ಜನರಿಗೆ ಮುಟ್ಟಿಸಲು ಹೊಸ ಕಥೆ ಹುಡುಕಬೇಕಾಗಿಲ್ಲ. ಸೀತೆಯನ್ನು ಬಿಡಿಸಲು ರಾವಣನ ಮೇಲೆ ಬಿದ್ದ ಜಟಾಯು ನಮ್ಮ ಯಕ್ಷಗಾನ, ಬಯಲಾಟ, ತೊಗಲು ಗೊಂಬೆ ಎಲ್ಲದರಲ್ಲೂ ಇದ್ದಾನೆ. ರಾವಣನ ಕತ್ತಿಗೆ ರೆಕ್ಕೆ ಕೊಟ್ಟವನು ಒಂದು ಚುಚ್ಚುಮದ್ದಿಗೆ ಹೇಗೆ ಸೋತ ಎಂದು ಜಟಾಯುವಿನ ಬಾಯಿಂದಲೇ ಕೇಳಿಸಿದರೆ ಪ್ರೇಕ್ಷಕರು ಅಲುಗಾಡದೆ ಕೂರುತ್ತಾರೆ.

ತಾಳಮದ್ದಲೆಯಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಅವಕಾಶವಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಅರ್ಥಧಾರಿಗಳು ಸ್ಥಳದಲ್ಲೇ ವಾದ ಕಟ್ಟುತ್ತಾರೆ, ಎದುರು ಪಾತ್ರದ ವಾದವೂ ಪೂರ್ಣ ಬಲದಿಂದ ಬರುತ್ತದೆ. "ನನ್ನ ಹಸು ನೋವಿನಿಂದ ನರಳುವಾಗ ಕೈಗೆ ಸಿಕ್ಕ ಔಷಧಿ ಕೊಡದೆ ಹದ್ದಿನ ಯೋಚನೆ ಮಾಡಲೇ?" ಎಂಬ ರೈತನ ಪ್ರಶ್ನೆ ನ್ಯಾಯವಾದದ್ದು. ಅದನ್ನು ಗಟ್ಟಿಯಾಗಿ ಕೇಳಿಸಿ, ಆಮೇಲೆ ಉತ್ತರ ಹುಡುಕಿದರೆ ಮಾತ್ರ ಜನ ಒಪ್ಪುತ್ತಾರೆ.

ನಮ್ಮ ಸೀಮೆಯ ಕಲೆ ನಮ್ಮ ಕೈಯಲ್ಲಿ

ಯಾವ ಊರಿಗೆ ಯಾವ ಕಲೆ ಎಂಬುದನ್ನು ಆ ಊರೇ ಹೇಳುತ್ತದೆ. ಹಳೇ ಮೈಸೂರು ಕಡೆ ಕಂಸಾಳೆ, ತಮಟೆ, ಸೋಬಾನೆ ಇವೆ. ಉತ್ತರ ಕರ್ನಾಟಕದಲ್ಲಿ ಗೀಗೀ ಪದ, ಲಾವಣಿ, ಸಣ್ಣಾಟ, ದೊಡ್ಡಾಟ. ಗೀಗೀ ಮೇಳದಲ್ಲಿ ಹರದೇಶಿ ನಾಗೇಶಿ ಎಂಬ ಎರಡು ಪಕ್ಷಗಳ ಸವಾಲು ಜವಾಬು ಇದ್ದೇ ಇದೆ. ಸುಡಬೇಕೋ, ಮೇವು ಮಾಡಬೇಕೋ ಎಂಬ ಜಗಳಕ್ಕೆ ಅದಕ್ಕಿಂತ ಒಳ್ಳೆಯ ವೇದಿಕೆ ಸಿಗದು. ಕಬ್ಬಿನ ತರಗು, ಭತ್ತದ ಹುಲ್ಲು ಒಂದು ಕಡೆ ಬೆಂಕಿಗೆ ಬೀಳುತ್ತದೆ, ಇನ್ನೊಂದು ಕಡೆ ಬೇಸಿಗೆಯಲ್ಲಿ ಅದೇ ರೈತರು ದುಡ್ಡು ಕೊಟ್ಟು ಮೇವು ತರುತ್ತಾರೆ.

ತುಮಕೂರು, ಚಿತ್ರದುರ್ಗದ ಕಡೆ ಕಾಡುಗೊಲ್ಲರ ಜುಂಜಪ್ಪನ ಕಾವ್ಯವಿದೆ. ಗಣೆ ಎಂಬ ಉದ್ದನೆಯ ಕೊಳಲು ಊದುತ್ತಾ ದನಗಾಹಿ ವೀರನ ಕಥೆ ಹಾಡುತ್ತಾರೆ. ಹುಲ್ಲುಗಾವಲು, ನೀರಿನ ತಾಣ, ದನಗಳ ಮಂದೆ ಎಲ್ಲವೂ ಅದರೊಳಗೆ ಇವೆ. ಇಂಥ ಸೀಮೆಯಲ್ಲಿ ಗೋಮಾಳ ಉಳಿಸುವ ಮಾತಿಗೆ ಹೊರಗಿನ ಪಠ್ಯ ಬೇಡ. ಹಾಗೆಯೇ ಗೋವಿನ ಹಾಡಿನ ಪುಣ್ಯಕೋಟಿ ಗೊತ್ತಿಲ್ಲದ ಕನ್ನಡದ ಮನೆಯಿಲ್ಲ. ಆ ಕಥೆಯಲ್ಲಿ ಹಸುವಿಗೆ ಮೇಯಲು ಕಾಡಿತ್ತು, ಹುಲಿಗೂ ಇರಲು ಕಾಡಿತ್ತು. ಇಂದು ಎರಡಕ್ಕೂ ಇರುವ ಜಾಗ ಎಷ್ಟು ಎಂದು ಮಕ್ಕಳಿಂದ ಒಂದು ಸಣ್ಣ ರೂಪಕ ಮಾಡಿಸಬಹುದು.

ಮಹಿಳಾ ಸಂಘಗಳಿಗೆ ಒಂದು ಮಾತು. ಕೊಟ್ಟಿಗೆಯ ಹೆಚ್ಚಿನ ಕೆಲಸ ಹೆಂಗಸರದು, ಮನೆಯ ಕಸ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವರೂ ಅವರೇ. ಸೋಬಾನೆ ಹಾಡುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಹಳೆಯ ಧಾಟಿಗೆ ಹೊಸ ಪದ ಕಟ್ಟುವುದು ಅವರಿಗೆ ಕಷ್ಟವಲ್ಲ. ಕಟ್ಟಿಸಿ, ಅವರಿಂದಲೇ ಹಾಡಿಸಿ.

ಎಲ್ಲಿ ಕೆಡುತ್ತದೆ

ಪರಿಸರ ನಾಟಕಗಳೆಲ್ಲ ಫಲ ಕೊಡುವುದಿಲ್ಲ. ಕೆಡುವ ಕಾರಣಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ.

ಮೊದಲನೆಯದು, ಭಾಷಣಕ್ಕೆ ಬಣ್ಣ ಹಚ್ಚಿ ನಾಟಕ ಎಂದು ಕರೆಯುವುದು. ಪಾತ್ರಗಳು ಸರದಿಯಂತೆ ಬಂದು ಉಪದೇಶ ಮಾಡಿದರೆ ಜನ ಎದ್ದು ಹೋಗುತ್ತಾರೆ. ಎರಡನೆಯದು, ಹಳ್ಳಿಯವನನ್ನು ದಡ್ಡನಂತೆ, ಕುಡುಕನಂತೆ ತೋರಿಸಿ ಪೇಟೆಯಿಂದ ಬಂದವನಿಂದ ಬುದ್ಧಿ ಹೇಳಿಸುವುದು. ಯಾರಿಗೂ ಅವಮಾನದಿಂದ ಕಲಿಯಲು ಮನಸ್ಸು ಬಾರದು. ಮೂರನೆಯದು, ಜೂನ್ 5ರಂದು ಒಂದು ಆಟ ಆಡಿ, ಫೋಟೋ ತೆಗೆಸಿ, ಮುಂದಿನ ಜೂನ್‌ವರೆಗೆ ಮರೆಯುವುದು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ನಾಟಕ ಜನರನ್ನು ಒಪ್ಪಿಸಿದ ಮೇಲೆ ಮಾಡಲು ದಾರಿಯೇ ಇಲ್ಲದಿರುವುದು. ಕವರ್ ಎಸೆಯಬೇಡಿ ಎಂದಾಗ ಒಬ್ಬ ತಾಯಿ "ಎಲ್ಲಿ ಹಾಕಲಿ ಹೇಳಪ್ಪ" ಎಂದು ಕೇಳುತ್ತಾಳೆ. ಕಸ ಸಂಗ್ರಹದ ಗಾಡಿ ಬಾರದ ಊರಿನಲ್ಲಿ ನಟರ ಬಳಿ ಅದಕ್ಕೆ ಉತ್ತರ ಇರುವುದಿಲ್ಲ. ಆದ್ದರಿಂದ ಉತ್ತರವನ್ನು ಸಂಘ ಮೊದಲೇ ಸಿದ್ಧ ಮಾಡಿಕೊಂಡು ಆಟಕ್ಕೆ ಕರೆಯಬೇಕು. ಗ್ರಾಮ ಪಂಚಾಯಿತಿಯವರು ಆ ಸಂಜೆ ಎದುರಿಗೇ ಕೂತಿರಬೇಕು.

ನಿಮ್ಮ ಸಂಘದಲ್ಲಿ ಆಟ ಆಡಿಸಬೇಕೆ? ಕೆಲವು ಸೂಚನೆಗಳು

1. ಒಂದು ಆಟಕ್ಕೆ ಒಂದೇ ವಿಷಯ. ಪ್ಲಾಸ್ಟಿಕ್, ಕೆರೆ, ಮರ, ಶೌಚಾಲಯ ಎಲ್ಲ ಸೇರಿಸಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

2. ಅವಧಿ 20ರಿಂದ 30 ನಿಮಿಷ. ಸಂಜೆ ಹಾಲು ಹಾಕಿ ಮುಗಿದ ಮೇಲೆ, ಡೈರಿಯ ಮುಂದಿನ ಬಯಲಲ್ಲಿ. ಹಾಲಿನ ಹೊತ್ತಿಗೆ ಅಡ್ಡ ಬರಬಾರದು, ರಾತ್ರಿ ಬಹಳ ತಡವೂ ಆಗಬಾರದು.

3. ಜನ ಸುತ್ತ ನಿಲ್ಲಲಿ, ನಟರು ನಡುವೆ. ಮೈಕು ಇಲ್ಲದೆ ಕೇಳುವಷ್ಟು ಹತ್ತಿರ ಇರಲಿ. ತಮಟೆಯೇ ಕರೆಯೋಲೆ.

4. ಊರಿನ ಶಾಲೆಯ ಮಕ್ಕಳು, ಯುವಕ ಸಂಘದವರು, ಹವ್ಯಾಸಿ ಕಲಾವಿದರು ಇದ್ದರೆ ಅವರಿಗೇ ಮೊದಲ ಅವಕಾಶ. ವೃತ್ತಿ ಕಲಾವಿದರನ್ನು ಕರೆಸಿದರೆ ಗೌರವಧನ ಕೊಡಿ. ಸಂಘದ ಬೈಲಾಕ್ಕೆ ಒಳಪಟ್ಟು, ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಮಾಡಿ ಖರ್ಚು ಹಾಕಿ.

5. ಆಡುವ ಮುನ್ನ ಪಶುವೈದ್ಯರಿಗೆ ಅಥವಾ ವಿಸ್ತರಣಾಧಿಕಾರಿಗೆ ಮಾತು ಕೇಳಿಸಿ. ತಪ್ಪು ಮಾಹಿತಿ ಹಾಡಿನಲ್ಲಿ ಸೇರಿದರೆ ತೆಗೆಯುವುದು ಕಷ್ಟ.

6. ಆಟ ಮುಗಿದ ಕೂಡಲೇ ಚದುರಲು ಬಿಡಬೇಡಿ. ಪಶುವೈದ್ಯರು ಹತ್ತು ನಿಮಿಷ ಪ್ರಶ್ನೆಗೆ ಉತ್ತರ ಕೊಡಲಿ. ಆಮೇಲೆ ಒಂದೇ ಒಂದು ತೀರ್ಮಾನ ಎಲ್ಲರ ಎದುರು ಆಗಲಿ. ಉದಾಹರಣೆಗೆ, ಡೈರಿಯ ಬಾಗಿಲಲ್ಲಿ ಒಂದು ಗೋಣಿಚೀಲ ತೂಗುಹಾಕುವುದು, ಹಾಲು ತರುವಾಗ ಮನೆಯ ಒಣ ಪ್ಲಾಸ್ಟಿಕ್ ತಂದು ಅದಕ್ಕೆ ಹಾಕುವುದು.

7. ಮೂರು ತಿಂಗಳ ನಂತರ ಅದೇ ಜಾಗದಲ್ಲಿ ಇನ್ನೊಂದು ಆಟ. ಆ ಚೀಲಕ್ಕೆ ಬಂದ ಪ್ಲಾಸ್ಟಿಕ್ ಎಷ್ಟು ಕಿಲೋ ಎಂದು ಅಲ್ಲೇ ತೂಗಿ ಹೇಳಿ. ಲೆಕ್ಕ ಕಡಿಮೆ ಬಂದರೂ ಮುಚ್ಚಿಡಬೇಡಿ.

ದಿನಕ್ಕೆ ಎರಡು ಬಾರಿ ಇಡೀ ಊರು ಬಂದು ಸೇರುವ ಜಾಗ ಎಂದರೆ ಇಂದು ಹಳ್ಳಿಯಲ್ಲಿ ಡೈರಿ ಒಂದೇ. ಜಾತಿ, ಪಕ್ಷ, ಕೇರಿ ಯಾವುದೇ ಇರಲಿ, ಎಲ್ಲರ ಹಾಲೂ ಅಲ್ಲಿ ಒಂದೇ ಕ್ಯಾನಿಗೆ ಬೀಳುತ್ತದೆ. ಇಂಥ ಜಾಗದಲ್ಲಿ ಸಂಜೆಯ ಹಾಲಿನ ನಂತರ ಅರ್ಧ ಗಂಟೆ ಒಂದು ಹಸು ಮಾತಾಡಲಿ. ನಿಮ್ಮ ಸಂಘದಲ್ಲಿ ಈಗಾಗಲೇ ಇಂಥ ಆಟ, ಹಾಡು ನಡೆದಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಒಂದು ಊರಿನಲ್ಲಿ ಕಟ್ಟಿದ ಪದ ಇನ್ನೊಂದು ಊರಿಗೂ ಹೋಗಲಿ.